ಒಂದೇ ಟ್ರೇಯಿಂದ ಬಡಿಸುವ ಊಟ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರದ ಒಂದು ಸಾಲು ನನ್ನನ್ನು ಬಿಡಲೇ ಇಲ್ಲ. ಮನೆಯವರೆಲ್ಲ ಓವನ್‌ನಲ್ಲಿ ಟ್ರೇಯಲ್ಲೇ ಬೇಯಿಸಿದ ಮ್ಯಾಕರೋನಿ ಚೀಸ್ ಕ್ಯಾಸರೋಲ್ ಹಂಚಿಕೊಂಡು ತಿನ್ನುತ್ತಿದ್ದರು, ನೀನು ಪಕ್ಕದಲ್ಲಿ ಸೌತೆಕಾಯಿ ಬಟ್ಟಲು ಹಿಡಿದು ಕೂತಿದ್ದೆ ಎಂದು ಬರೆದಿದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೆ ನಿನಗೆ ಹಸಿವಿಗಿಂತ ಜಾಸ್ತಿ ನೋವು ಕೊಟ್ಟಿದ್ದು ಈ ಬೇರೆ ತಟ್ಟೆ, ಅಲ್ವಾ? ಮ್ಯಾಕರೋನಿ ಬದಲು ಹೂಕೋಸು ಹಾಕಿ ಅದೇ ಕ್ಯಾಸರೋಲ್ ಮಾಡಲು ಒಂದು ತಿಂಗಳಿನಿಂದ ಪ್ರತಿ ಭಾನುವಾರ ಓವನ್ ಮುಂದೆ ನಿಂತಿದ್ದೇನೆ. ನೀನೂ ಮನೆಯವರೂ ಒಂದೇ ಟ್ರೇಯಿಂದ ಬಡಿಸಿಕೊಂಡು ತಿನ್ನುವ ಹಾಗಾಗಬೇಕು. ಅಷ್ಟೇ ನನ್ನ ಹಟ.

ಮೊದಲೇ ಒಂದು ಮಾತು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿನ ಪಿಷ್ಟ, ಸಕ್ಕರೆ) ಒಮ್ಮೆಲೇ ಕಡಿಮೆ ಮಾಡಿದರೆ, ಹಳೆಯ ಡೋಸೇ ಜಾಸ್ತಿಯಾಗಿ ಸಕ್ಕರೆ ತೀರಾ ಕೆಳಗಿಳಿಯಬಹುದು. ಡಾಕ್ಟರಿಗೆ ಹೇಳಿಯೇ ಶುರು ಮಾಡು. ಕೊನೆಯಲ್ಲಿ ಬರೆದರೆ ನೀನು ಅಡುಗೆಮನೆಗೆ ಓಡಿರುತ್ತೀಯ, ಅದಕ್ಕೇ ಇಲ್ಲಿ ಬರೆದೆ.

ಲೆಕ್ಕ ಸುಲಭ. ಒಣ ಮ್ಯಾಕರೋನಿ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 75 ಗ್ರಾಂ ಕಾರ್ಬ್. ಬಿಳಿ ಸಾಸಿಗೆ ಹಾಕುವ ಮೈದಾದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ತೂಕದ ಹೂಕೋಸಿನಲ್ಲಿ 5 ಗ್ರಾಂ, ಅದರಲ್ಲೂ 2 ಗ್ರಾಂ ನಾರು. ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್) ಇಲ್ಲದ ಪಾಸ್ತಾ ತಂದರೆ ಸಾಲದೇ ಎಂದು ಕೇಳಿದ್ದೆ. ಸಾಲದು. ಅದು ಸಾಮಾನ್ಯವಾಗಿ ಅಕ್ಕಿ ಇಲ್ಲವೇ ಮೆಕ್ಕೆಜೋಳದ್ದು. ಗ್ಲುಟೆನ್ ಇರುವುದಿಲ್ಲ, ಕಾರ್ಬ್ ಇದ್ದೇ ಇರುತ್ತದೆ. ಆಲೂಗಡ್ಡೆಯೂ ಹಾಗೇ. ಅದು ಧಾನ್ಯವಲ್ಲ ನಿಜ, ಆದರೆ ತುಂಬಾ ಪಿಷ್ಟ.

ಮೊದಲ ಭಾನುವಾರ ನಾನು ಮ್ಯಾಕರೋನಿ ಜಾಗದಲ್ಲಿ ಸುಮ್ನೆ ಬೇಯಿಸಿದ ಹೂಕೋಸು ಹಾಕಿದೆ. ಓವನ್‌ನಿಂದ ತೆಗೆದಾಗ ನೋಡಲು ಚೆನ್ನಾಗಿಯೇ ಇತ್ತು. ಚಮಚ ಹಾಕಿದ ಕೂಡಲೇ ತಳದಿಂದ ನೀರು ಎದ್ದು ಬಂತು. ಮೇಲೆ ಚೀಸ್ ಚಪ್ಪಡಿ, ಕೆಳಗೆ ತೆಳ್ಳಗಿನ ಬಿಳಿ ನೀರು. ಅವತ್ತು ಕೂತು ಯೋಚಿಸಿದಾಗಲೇ ಮ್ಯಾಕರೋನಿ ಏನು ಮಾಡುತ್ತಿತ್ತು ಎಂದು ಹೊಳೆದಿದ್ದು. ಅದು ಸಾಸನ್ನು ಕುಡಿಯುತ್ತದೆ. ಮೈದಾದ ಪಿಷ್ಟ ಬಿಸಿಗೆ ಉಬ್ಬಿ, ಉಳಿದ ನೀರನ್ನು ಹಿಡಿದಿಡುತ್ತದೆ. ಹೂಕೋಸಿನಲ್ಲಿ 100ಕ್ಕೆ 92 ಪಾಲು ನೀರೇ. ಕುಡಿಯುವುದನ್ನು ತೆಗೆದು, ನೀರು ಬಿಡುವುದನ್ನು ತಂದಿಟ್ಟಿದ್ದೆ.

ಹಾಗಾಗಿ ಈ ಅಡುಗೆಯ ಮುಖ್ಯ ಕೆಲಸ ನೀರು ತೆಗೆಯುವುದು. ಹೂಕೋಸನ್ನು ಬೇಯಿಸಬೇಡ, ಹುರಿ. 1 ಕಿಲೋ ಹೂಕೋಸನ್ನು ಒಂದು ಅಂಗುಲದ ತುಂಡು ಮಾಡಿ, ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸು. ಒಂದು ದೊಡ್ಡ ಚಮಚ ಎಣ್ಣೆ ಸವರಿ, 220 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 25 ನಿಮಿಷ ಇಡು. ಒಂದರ ಮೇಲೊಂದು ರಾಶಿ ಹಾಕಬೇಡ, ಎರಡು ಟ್ರೇ ಬೇಕಾದರೂ ಪರವಾಗಿಲ್ಲ. ಒತ್ತಾಗಿ ತುಂಬಿದರೆ ತನ್ನ ಹಬೆಯಲ್ಲೇ ಬೆಂದು ಮೆತ್ತಗಾಗುತ್ತದೆ. ಅಂಚು ಕಂದುಬಣ್ಣಕ್ಕೆ ತಿರುಗಬೇಕು, ತುಂಡು ಕುಗ್ಗಿರಬೇಕು. ಆ ಕಂದು ಅಂಚಿನಲ್ಲೇ ರುಚಿ ಇರುವುದು. ಬೇಯಿಸಿದ ಹೂಕೋಸಿನ ಆ ಸಪ್ಪೆ ವಾಸನೆ ಇದರಲ್ಲಿ ಬರುವುದೇ ಇಲ್ಲ. ಹುರಿದ ಮೇಲೆ ಹತ್ತು ನಿಮಿಷ ಟ್ರೇಯಲ್ಲೇ ಬಿಡು, ಹಬೆ ಹೋಗಲಿ. ಈ ಹತ್ತು ನಿಮಿಷ ನಾನು ಎರಡನೇ ಭಾನುವಾರ ಬಿಟ್ಟುಬಿಟ್ಟೆ. ತಳದಲ್ಲಿ ಮತ್ತೆ ನೀರು.

ಇನ್ನು ಸಾಸ್. ನನಗೆ ಹೆಚ್ಚು ಕಷ್ಟ ಕೊಟ್ಟಿದ್ದು ಇದೇ. ಮೈದಾ ಇರುವ ಸಾಸಿನಲ್ಲಿ ಪಿಷ್ಟ ಚೀಸಿನ ಪ್ರೋಟೀನ್ ಒಂದಕ್ಕೊಂದು ಅಂಟಿ ಗಂಟಾಗದಂತೆ ನಡುವೆ ನಿಲ್ಲುತ್ತದೆ. ಮೈದಾ ಇಲ್ಲದಾಗ ಉರಿ ಸ್ವಲ್ಪ ಜಾಸ್ತಿಯಾದರೂ ಆ ಪ್ರೋಟೀನ್ ಬಿಗಿದುಕೊಂಡು ಒಳಗಿನ ಕೊಬ್ಬನ್ನು ಹೊರಗೆ ಹಿಂಡುತ್ತದೆ. ಹಾಲು ಒಡೆದ ಹಾಗೆ ಸಾಸ್ ಒಡೆಯುತ್ತದೆ, ಮೇಲೆ ಎಣ್ಣೆ ತೇಲುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಕ್ರೀಮ್ ಚೀಸ್. 200 ಮಿಲಿ ಕ್ರೀಮ್ ಅನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿ, 100 ಗ್ರಾಂ ಕ್ರೀಮ್ ಚೀಸ್ ಹಾಕಿ, ನುಣ್ಣಗಾಗುವವರೆಗೆ ಕೈಯಾಡಿಸು. ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್, ಒಂದು ಎಸಳು ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಚಿಟಿಕೆ ಜಾಯಿಕಾಯಿ. ಸಾಸಿವೆ ರುಚಿಗೆ ಮಾತ್ರವಲ್ಲ, ಕೊಬ್ಬೂ ನೀರೂ ಬೇರೆಯಾಗದಂತೆ ಹಿಡಿಯಲೂ ಬೇಕು. ಈಗ ಒಲೆ ಆರಿಸು. ಆರಿಸಿದ ಮೇಲೆಯೇ 200 ಗ್ರಾಂ ತುರಿದ ಚೆಡ್ಡರ್ ಚೀಸನ್ನು ಮೂರು ನಾಲ್ಕು ಸಲಕ್ಕೆ, ಹಿಡಿ ಹಿಡಿಯಾಗಿ ಹಾಕಿ ಕಲಸು. ಪಾತ್ರೆಯ ಬಿಸಿಯೇ ಸಾಕು ಕರಗಲು.

ಚೀಸನ್ನು ನೀನೇ ತುರಿ. ತುರಿದು ಪ್ಯಾಕೆಟ್ ಮಾಡಿದ್ದಕ್ಕೆ ಅಂಟಿಕೊಳ್ಳದಿರಲಿ ಎಂದು ಎಷ್ಟೋ ಸಲ ಪಿಷ್ಟದ ಪುಡಿ ಬೆರೆಸಿರುತ್ತಾರೆ, ನಯವಾಗಿ ಕರಗುವುದಿಲ್ಲ. ತುಂಬಾ ಹಳೆಯ ಚೆಡ್ಡರ್ ಕೂಡ ಬೇಡ, ಘಾಟು ಚೆನ್ನಾಗಿದ್ದರೂ ಬೇಗ ಒಡೆಯುತ್ತದೆ. ಕ್ಸಾಂಥನ್ ಗಮ್ ಎಂಬ ಪುಡಿ ಹಾಕಿದರೆ ಗಟ್ಟಿಯಾಗುತ್ತದೆ ಎಂದು ಹೇಳುವವರಿದ್ದಾರೆ. ಗಟ್ಟಿಯಾಗುವುದು ನಿಜ, ಆದರೆ ಒಂದು ಚೂರು ಹೆಚ್ಚಾದರೂ ಬಾಯಲ್ಲಿ ಲೋಳೆ. ನನಗೆ ಹಿಡಿಸಲಿಲ್ಲ. ಅದರ ಬದಲು ಒಂದು ಮೊಟ್ಟೆಯ ಹಳದಿಯನ್ನು ಎರಡು ಚಮಚ ಬೆಚ್ಚಗಿನ ಸಾಸಿನಲ್ಲಿ ಕಲಸಿಕೊಂಡು ಆಮೇಲೆ ಪಾತ್ರೆಗೆ ಸೇರಿಸು. ಓವನ್‌ನಲ್ಲಿ ಅದು ಗಟ್ಟಿಕಟ್ಟಿ ಸಾಸನ್ನು ಹಿಡಿಯುತ್ತದೆ. ಮೊಟ್ಟೆ ಬೇಡವಾದರೆ ಬಿಡು, ಸಾಸ್ ಸ್ವಲ್ಪ ಸಡಿಲ ಇರುತ್ತದೆ, ಅಷ್ಟೇ. ಉಪ್ಪನ್ನು ಮಾತ್ರ ಕೊನೆಗೆ, ರುಚಿ ನೋಡಿ ಹಾಕು, ಚೀಸಿನಲ್ಲೇ ಬೇಕಾದಷ್ಟಿದೆ.

ಮೇಲಿನ ಬ್ರೆಡ್ ಪುಡಿಯ ಗರಿಗರಿ ಪದರ ಇಲ್ಲದಿದ್ದರೆ ನಿನಗೆ ಇದು ಆ ಊಟ ಅನ್ನಿಸುವುದಿಲ್ಲ, ಗೊತ್ತು. 40 ಗ್ರಾಂ ಬಾದಾಮಿಯನ್ನು ತರಿತರಿಯಾಗಿ ಪುಡಿ ಮಾಡು, ನುಣ್ಣಗೆ ಬೇಡ. ಅದಕ್ಕೆ ಎರಡು ದೊಡ್ಡ ಚಮಚ ಪಾರ್ಮೆಸಾನ್ ಚೀಸ್, ಒಂದು ಚಮಚ ಕರಗಿಸಿದ ಬೆಣ್ಣೆ ಬೆರೆಸಿ ಮೇಲೆ ಉದುರಿಸು. ಬಾದಾಮಿ ಬೇಗ ಸೀದುಹೋಗುತ್ತದೆ. ಆದ್ದರಿಂದ ಹೂಕೋಸನ್ನು ಸಾಸಿನಲ್ಲಿ ಹೊರಳಿಸಿ ಟ್ರೇಗೆ ಹಾಕಿ, 180 ಡಿಗ್ರಿಯಲ್ಲಿ ಮೊದಲ ಹತ್ತು ನಿಮಿಷ ಹಾಗೇ ಇಟ್ಟು, ಆಮೇಲೆ ಇದನ್ನು ಉದುರಿಸಿ ಇನ್ನೊಂದು ಹತ್ತು ನಿಮಿಷ ಇಡು. ಅಂಚಿನಲ್ಲಿ ಗುಳ್ಳೆ ಏಳಬೇಕು, ನಡುವೆ ಕುದಿಯಬಾರದು.

ತೆಗೆದ ಕೂಡಲೇ ಬಡಿಸಬೇಡ. ಹತ್ತು ಹದಿನೈದು ನಿಮಿಷ ಬಿಟ್ಟರೆ ಸಾಸ್ ಆರಿ ಹದಕ್ಕೆ ಬರುತ್ತದೆ.

ನಾಲ್ಕು ಜನಕ್ಕೆ ಹಂಚಿದರೆ, ನಾರು ಕಳೆದು ಒಬ್ಬರಿಗೆ ಸುಮಾರು 12 ಗ್ರಾಂ ಕಾರ್ಬ್ ಬೀಳುತ್ತದೆ. ಆದರೆ ಕ್ರೀಮೂ ಚೀಸೂ ಹಗುರವಲ್ಲ, ಒಂದು ಬಟ್ಟಲಿಗೇ ಹೊಟ್ಟೆ ತುಂಬುತ್ತದೆ. ಪಕ್ಕದಲ್ಲಿ ಹಸಿ ಸೊಪ್ಪು, ಟೊಮೆಟೊ ಇಟ್ಟುಕೋ.

ಇದು ಮ್ಯಾಕರೋನಿಯ ಹಾಗೇ ಇದೆ ಎಂದು ನಾನು ಹೇಳುವುದಿಲ್ಲ. ಆ ಜಾರುವ, ಅಗಿಯುವ ಮೆದು ಇದರಲ್ಲಿಲ್ಲ. ಮೇಲಿನ ಪದರ ಒಡೆಯುವ ಸದ್ದು, ಕೆಳಗಿನ ಬಿಸಿ ಚೀಸ್, ಚಮಚಕ್ಕೆ ಹಿಡಿದುಕೊಂಡು ಬರುವ ಎಳೆ, ಅದೆಲ್ಲ ಇದೆ. ಮನೆಯವರಿಗೂ ಹೂಕೋಸು ಎಂದು ಹೇಳಿಯೇ ಬಡಿಸು. ಬಚ್ಚಿಟ್ಟು ಬಡಿಸಿದರೆ ಅವರು ಮ್ಯಾಕರೋನಿಯನ್ನೇ ಹುಡುಕುತ್ತಾರೆ. ನಾಲ್ಕನೇ ಭಾನುವಾರ ನಮ್ಮ ಮನೆಯಲ್ಲಿ ಹೇಳಿಯೇ ಬಡಿಸಿದೆ. ಟ್ರೇಯ ಮೂಲೆಯಲ್ಲಿ ಅಂಟಿದ್ದ ಕಂದು ಚೀಸಿಗೆ ಇಬ್ಬರು ಕಿತ್ತಾಡಿದರು.

ಈ ವಾರವೇ ಮಾಡು. ಬಡಿಸಿ ಮುಗಿದ ಮೇಲೆ ಟ್ರೇಯ ತಳದಲ್ಲಿ ನೀರು ನಿಂತಿತ್ತೇ ಇಲ್ಲವೇ ಎಂದು ನೋಡಿ ನನಗೆ ಬರೆ. ನಿಂತಿದ್ದರೆ ಹುರಿದಿದ್ದು ಸಾಲದು, ಮುಂದಿನ ಸಲ ಇನ್ನೂ ಐದು ನಿಮಿಷ ಬಿಡು.

ನಿನ್ನ ಗೆಳೆಯ