ಬೆಳಕು ಬರೆದದ್ದಲ್ಲ, ಬಿಟ್ಟದ್ದು

ಪ್ರಿಯ ಗೆಳೆಯ,

ಇಂಗ್ಲಿಷ್ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್‌ನ ‘ಒಂಟಿ ಗೋಪುರ’ ಎಚಿಂಗ್ (ತಾಮ್ರದ ತಗಡಿನಲ್ಲಿ ಆ್ಯಸಿಡ್‌ನಿಂದ ಕೊರೆದು ಅಚ್ಚು ತೆಗೆದ ಚಿತ್ರ) ಬಗ್ಗೆ ನೀನು ಬರೆದ ಕರಡು ಓದಿದೆ. ಅರ್ಧಕ್ಕರ್ಧ, ಈ ಚಿತ್ರಕ್ಕೆ ಮೂಲವಾದ ಇಂಗ್ಲಿಷ್ ಕವಿ ಮಿಲ್ಟನ್ನನ ‘ಇಲ್ ಪೆನ್ಸೆರೋಸೊ’ ಕವಿತೆಯ ಸಾರಾಂಶಕ್ಕೇ ಹೋಗಿದೆ. ಈ ಚಿತ್ರಕ್ಕೆ ಬೇಕಾದ ಸಾಲು ಮೂರೇ ಮೂರು: ನಡುರಾತ್ರಿ ಎತ್ತರದ ಒಂಟಿ ಗೋಪುರದಲ್ಲಿ ನನ್ನ ದೀಪ ಕಾಣುತ್ತಿರಲಿ, ಕರಡಿಗಿಂತ ಹೆಚ್ಚು ಹೊತ್ತು ನಾನು ಎದ್ದಿರಲಿ ಎನ್ನುವ ಭಾಗ. ಉಳಿದದ್ದನ್ನು ತೆಗೆ.

ಆ ‘ಕರಡಿ’ಯನ್ನು ಹಾಗೇ ಬಿಟ್ಟಿದ್ದೀಯ, ಓದುವವರು ಕಾಡಿನ ಕರಡಿ ಎಂದುಕೊಳ್ಳುತ್ತಾರೆ. ಅದು ನಮ್ಮ ಸಪ್ತರ್ಷಿ ಮಂಡಲ ಇರುವ ತಾರಾಪುಂಜ. ಬೆಂಗಳೂರಿನಿಂದ ನೋಡಿದರೆ ಸಪ್ತರ್ಷಿಗಳು ಮುಳುಗುತ್ತಾರೆ. ಇಂಗ್ಲೆಂಡಿನಲ್ಲಿ ಮುಳುಗುವುದೇ ಇಲ್ಲ, ಬೆಳಗಾದಾಗ ಮಾಸುತ್ತಾರೆ ಅಷ್ಟೇ. ಅಂದರೆ ದೀಪ ಬೆಳಗಿನ ತನಕ ಉರಿಯಬೇಕು. ಇದನ್ನು ಹೇಳದಿದ್ದರೆ ಕನ್ನಡದ ಓದುಗರಿಗೆ ಸಾಲಿನ ತೂಕ ತಿಳಿಯುವುದಿಲ್ಲ.

ಇನ್ನು ‘ಬೆಳದಿಂಗಳನ್ನು ಬಿಳಿ ಗೆರೆಗಳಲ್ಲಿ ಬಿಡಿಸಿದ್ದಾನೆ’ ಎಂಬ ಮಾತು. ಇಲ್ಲಿ ಬಿಳಿ ಗೆರೆ ಎಂಬುದೇ ಇಲ್ಲ. ತಾಮ್ರದ ತಗಡಿಗೆ ಜೇನುಮೇಣ, ರಾಳ, ಡಾಂಬರು ಕೂಡಿದ ತೆಳುವಾದ ಲೇಪ ಹಚ್ಚಿ, ಹೊಗೆ ಹಿಡಿಸಿ ಕಪ್ಪಾಗಿಸಿ, ಮೇಲೆ ಸೂಜಿಯಿಂದ ಗೀರುತ್ತಾರೆ. ತಗಡನ್ನು ಆ್ಯಸಿಡ್‌ಗೆ ಇಳಿಸಿದರೆ ಗೀರಿದಲ್ಲಿ ಮಾತ್ರ ತಾಮ್ರ ಕೊರೆಯುತ್ತದೆ. ಆಮೇಲೆ ಲೇಪ ತೊಳೆದು, ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದ ಹೊದಿಸಿ ಪ್ರೆಸ್‌ನಲ್ಲಿ ಹಾಯಿಸುತ್ತಾರೆ. ಗೀರಿದ್ದೆಲ್ಲ ಕಪ್ಪು, ಗೋಪುರದ ದೀಪ, ದಿಗಂತದ ಚಂದ್ರಕಲೆ ಗೀರದೆ ಬಿಟ್ಟ ಕಾಗದ. ಎಡಬಲವೂ ಅದಲುಬದಲಾಗುತ್ತದೆ.

ಕಪ್ಪಿನ ಹದ ಆ್ಯಸಿಡ್‌ನಲ್ಲಿಟ್ಟ ಹೊತ್ತಿನದು. ಸ್ವಲ್ಪ ಕೊರೆಸಿ, ತಿಳಿಯಾಗಿ ಉಳಿಯಬೇಕಾದ ಗೆರೆಗಳಿಗೆ ವಾರ್ನಿಶ್ ಬಳಿದು ಮುಚ್ಚಿ, ಮತ್ತೆ ಇಳಿಸಬೇಕು. ಹೀಗೆ ಹಲವು ಸಲ. ನೈಟ್ರಿಕ್ ಆ್ಯಸಿಡ್ ಆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. ಗೆರೆಗಳು ತೀರಾ ಒತ್ತಾಗಿದ್ದರೆ ನಡುವಿನ ಲೇಪ ಕಿತ್ತುಬಂದು, ಎರಡು ಗೆರೆ ಕೂಡಿ ಅಗಲವಾದ ಹಳ್ಳವಾಗುತ್ತದೆ. ಅಲ್ಲಿ ಮಸಿ ನಿಲ್ಲುವುದಿಲ್ಲ, ಒರೆಸುವಾಗಲೇ ಎದ್ದುಬರುತ್ತದೆ. ಕಡುಗಪ್ಪಾಗಬೇಕಾದ ಜಾಗ ಬೂದುಬಣ್ಣವಾಗಿ ಅಚ್ಚಾಗುತ್ತದೆ. ಗೆರೆಯ ಮೇಲೇಳುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸವರದಿದ್ದರೆ ಕೊರೆತ ಅಂಕುಡೊಂಕಾಗುತ್ತದೆ. ಹೆಚ್ಚುಕಡಿಮೆ 19 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲದ ತಗಡಿನಲ್ಲಿ ಇಡೀ ರಾತ್ರಿಯನ್ನು ಹೆಣೆಯುವುದಕ್ಕೆ ಎಂಥ ಎದೆಗಾರಿಕೆ ಬೇಕು ಎಂದು ಇದರಿಂದ ತಿಳಿಯುತ್ತದೆ. ‘ಮಾಂತ್ರಿಕ ಸ್ಪರ್ಶ’ ಎಂದು ನೀನು ಬರೆದ ಕಡೆ ಇದನ್ನು ಬರೆ.

ಯಾವುದಾದರೂ ಮ್ಯೂಸಿಯಂನ ದೊಡ್ಡ ಸ್ಕ್ಯಾನ್ ತೆರೆದು, ಕಮರಿಯ ಮೇಲೆ ಹಾರುವ ಗೂಬೆಯ ಸುತ್ತಮುತ್ತ ಹಿಗ್ಗಿಸಿ ನೋಡು. ದಟ್ಟ ಕತ್ತಲೆ ಎನಿಸಿದ ಕಡೆಯೂ ಗೆರೆಗಳ ಸಂದಿಯಲ್ಲಿ ಕಾಗದದ ಚುಕ್ಕೆಗಳು ಮಿನುಗುತ್ತವೆ. ಲೇಖನ ಅಲ್ಲಿಂದಲೇ ಶುರುವಾಗಲಿ. ಗೋಪುರದತ್ತ ನೋಡುತ್ತಿರುವ ಇಬ್ಬರು ಕುರಿಗಾಹಿಗಳು ಆಮೇಲೆ ಬಂದರೂ ನಡೆದೀತು.

ಕೊನೆಗೊಂದು ತಿದ್ದುಪಡಿ. ನೀನು ಬಣ್ಣಿಸಿದ ನೀಲಿ ಆಕಾಶ ಎಚಿಂಗ್‌ನದಲ್ಲ. ಲಿಯೊನಾರ್ಡ್ ವಾಲ್ಪಿ ಎಂಬ ವಕೀಲ ಪಾಮರ್‌ನಿಂದ ಬರೆಸಿದ್ದು ಜಲವರ್ಣಗಳು, ಆ ನೀಲಿ ಅಲ್ಲಿಯದು. ಇದೇ ದೃಶ್ಯ 1879ರಲ್ಲಿ ತಾಮ್ರಕ್ಕೆ ಇಳಿಯಿತು. ಆ ಪ್ಯಾರಾ ಹೊಡೆದುಹಾಕಿ ಕಳಿಸು.