ಗುಪ್ತವಾರ್ತೆ ವರದಿಗೆ ಮಳೆ, ನಾಲೆಯ ಲೆಕ್ಕವೂ ಸೇರಲಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟ ವರ್ಷ ಭದ್ರಾ ನೀರಿನ ವಿಚಾರದಲ್ಲಿ ನಮ್ಮ ದಾವಣಗೆರೆ ಕಡೆ ನಡೆಯುವುದು ಒಂದೇ ಕ್ರಮ. ಮೊದಲು ನೀರಾವರಿ ಸಲಹಾ ಸಮಿತಿ ಸಭೆ, ಆಮೇಲೆ ಧರಣಿ, ರಸ್ತೆ ತಡೆ, ಬಂದ್, ಕಡೆಗೆ ಪೊಲೀಸ್ ಬಂದೋಬಸ್ತ್. ಬಂದ್ ಯಾವತ್ತು, ಕರೆ ಕೊಟ್ಟವರು ಯಾರು, ಎಷ್ಟು ಜನ ಸೇರಬಹುದು ಎಂದು ತಿಳಿದು ಮೇಲಕ್ಕೆ ವರದಿ ಕಳಿಸುವುದು ಗುಪ್ತವಾರ್ತೆ ನೋಡಿಕೊಳ್ಳುವ ಜಿಲ್ಲಾ ಪೊಲೀಸ್ ವಿಶೇಷ ಶಾಖೆಯ ದಿನನಿತ್ಯದ ಕೆಲಸ. ಆದರೆ ಆ ಬಂದ್‌ಗೆ ಕಾರಣವಾಗುವ ಕೊರತೆ ವಾರಗಳ ಮುಂಚೆಯೇ ಅಂಕಿಗಳಲ್ಲಿ ಕಾಣುತ್ತಿರುತ್ತದೆ. ಅದನ್ನು ಓದುವುದನ್ನೂ ಗುಪ್ತವಾರ್ತೆಯ ಕೆಲಸವೆಂದೇ ಎಣಿಸಬೇಕು ಎಂಬುದು ಈ ಪತ್ರದ ಕೋರಿಕೆ.

ಹವಾಮಾನವನ್ನು ಭದ್ರತೆಯ ಕಣ್ಣಿನಿಂದ ನೋಡುವುದು ಬೇಹುಗಾರಿಕೆ ಸಂಸ್ಥೆಗಳಿಗೆ ಹೊಸದೇನಲ್ಲ. 1990ರ ದಶಕದಲ್ಲೇ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ‘ಮೆಡಿಯಾ’ ಹೆಸರಿನ ಕಾರ್ಯಕ್ರಮದಡಿ ಹೊರಗಿನ ವಿಜ್ಞಾನಿಗಳಿಗೆ ತನ್ನ ಉಪಗ್ರಹ ಚಿತ್ರಗಳನ್ನು ನೋಡಲು ಬಿಟ್ಟಿತು. 1960ರಿಂದ 1972ರವರೆಗೆ ತೆಗೆದಿದ್ದ 8,60,000ಕ್ಕೂ ಹೆಚ್ಚು ಬೇಹು ಚಿತ್ರಗಳನ್ನು ಬಹಿರಂಗಪಡಿಸಲು 1995ರಲ್ಲಿ ಆದೇಶವಾಯಿತು. ಕ್ಷಿಪಣಿ ನೆಲೆ ಹುಡುಕಲು ತೆಗೆದ ಚಿತ್ರಗಳು ಮುಂದೆ ಹಿಮನದಿಗಳು ಎಷ್ಟು ಹಿಂದೆ ಸರಿದಿವೆ ಎಂದು ಅಳೆಯಲು ಒದಗಿದವು. ಜಲಾಂತರ್ಗಾಮಿಗಳು ಉತ್ತರ ಧ್ರುವದ ಅಡಿಯಲ್ಲಿ ಸಾಗುತ್ತಾ ದಾಖಲಿಸಿದ್ದ ಮಂಜುಗಡ್ಡೆಯ ದಪ್ಪವೂ ವಿಜ್ಞಾನಿಗಳ ಕೈಗೆ ಬಂತು. ಬೀಗ ಹಾಕಿಟ್ಟ ಮಾಹಿತಿ ತೆರೆದರೆ ಎಷ್ಟು ಉಪಯೋಗ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಈ ಕೆಲಸ ಎಲ್ಲಿಯೂ ಗಟ್ಟಿಯಾಗಿ ನೆಲೆಯೂರಿಲ್ಲ. ಸಿಐಎ 2009ರಲ್ಲಿ ಹವಾಮಾನಕ್ಕೆಂದೇ ಒಂದು ಕೇಂದ್ರ ತೆರೆದು 2012ರಲ್ಲಿ ಮುಚ್ಚಿತು. ಒಮ್ಮೆ ನಿಂತು ಮತ್ತೆ ಶುರುವಾಗಿದ್ದ ಮೆಡಿಯಾ 2015ರಲ್ಲಿ ಕೊನೆಗೊಂಡಿತು. 2021ರಲ್ಲಿ ಅಲ್ಲಿನ ಎಲ್ಲ 18 ಗುಪ್ತಚರ ಸಂಸ್ಥೆಗಳೂ ಸೇರಿ 2040ರವರೆಗಿನ ಹವಾಮಾನ ಅಪಾಯಗಳ ಅಂದಾಜು ಹೊರತಂದವು. ಅದೇ ಸಂಸ್ಥೆಗಳ 2025ರ ವಾರ್ಷಿಕ ಬೆದರಿಕೆ ವರದಿಯಲ್ಲಿ ಹವಾಮಾನ ಬದಲಾವಣೆಯ ಪ್ರಸ್ತಾಪವೇ ಇರಲಿಲ್ಲ. ನಾಲ್ಕು ವರ್ಷದಲ್ಲಿ ಬದಲಾದದ್ದು ಸರ್ಕಾರ, ಭೂಮಿಯ ಬಿಸಿಯಲ್ಲ. ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಇಂಥದೇ ವರದಿ ಸಿದ್ಧವಾಯಿತು, ಸರ್ಕಾರ ಅದನ್ನು ಜನರ ಮುಂದಿಡಲಿಲ್ಲ.

2021ರ ಆ ಅಂದಾಜು ಹವಾಮಾನದ ಹೊಡೆತಕ್ಕೆ ಹೆಚ್ಚು ಸಿಕ್ಕುವ 11 ದೇಶಗಳನ್ನು ಹೆಸರಿಸಿತ್ತು. ಅದರಲ್ಲಿ ಭಾರತವೂ ಇದೆ, ಪಾಕಿಸ್ತಾನ, ಅಫ್ಗಾನಿಸ್ತಾನ, ಮ್ಯಾನ್ಮಾರ್ ಕೂಡ. ಇಂಥ ವರದಿಗಳಲ್ಲಿ ಪ್ರತಿ ತೀರ್ಮಾನದ ಜೊತೆಗೆ ಅದನ್ನು ಎಷ್ಟು ನಂಬಬಹುದು ಎಂದೂ ಬರೆಯುತ್ತಾರೆ: ಹೆಚ್ಚು, ಮಧ್ಯಮ, ಕಡಿಮೆ. ತಾಪಮಾನ ಏರುತ್ತದೆ ಎಂಬುದಕ್ಕೆ ಭರವಸೆ ಹೆಚ್ಚು. ಅದರಿಂದ ಇಂಥ ಕಡೆ ಗಲಭೆಯಾಗುತ್ತದೆ ಎಂಬುದಕ್ಕೆ ಕಡಿಮೆ. ಕಾರಣ ಸರಳ. ಮಳೆ ಹೋದದ್ದಕ್ಕೂ ಕಲ್ಲು ತೂರಾಟಕ್ಕೂ ನಡುವೆ ಸಾಲ, ಬೆಲೆ, ಆಡಳಿತದ ನಿರ್ಧಾರ, ಸ್ಥಳೀಯ ರಾಜಕೀಯ ಹೀಗೆ ಹತ್ತು ಕೊಂಡಿಗಳಿವೆ. ಸಿರಿಯಾದ ಅಂತರ್ಯುದ್ಧಕ್ಕೆ ಅದಕ್ಕೂ ಮುಂಚಿನ ಬರವೇ ಕಾರಣ ಎಂದು ಬಹಳ ಮಂದಿ ಬರೆದರು. ನಂತರದ ಸಂಶೋಧಕರು ಅದನ್ನು ಪ್ರಶ್ನಿಸಿದರು. ಬರ ಇದ್ದದ್ದು ನಿಜ, ಆದರೆ ಅಂತರ್ಜಲ ಬರಿದು ಮಾಡಿದ ಕೃಷಿ ನೀತಿ ಮತ್ತು ರಿಯಾಯಿತಿಗಳ ರದ್ದತಿಯನ್ನು ಬಿಟ್ಟು ಆ ಕಥೆ ಹೇಳಲಾಗದು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ತಪ್ಪು ಮಾಡಿದ ಆಡಳಿತ ಪಾರಾಗುತ್ತದೆ.

ನಮ್ಮಲ್ಲಿ ಗುಪ್ತಚರ ಅಂದಾಜುಗಳ ಬಹಿರಂಗ ಆವೃತ್ತಿ ಹೊರಡಿಸುವ ಪದ್ಧತಿ ಇಲ್ಲ. 2021ರ ಡಿಸೆಂಬರ್‌ನಲ್ಲಿ ಹವಾಮಾನವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ಯುವ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು, ರಷ್ಯಾದ ವಿಟೊದಿಂದ ಅದು ಬಿದ್ದುಹೋಯಿತು. ಇಂಗಾಲ ಹೆಚ್ಚು ಉಗುಳಿದ ದೇಶಗಳು ಬಡ ದೇಶಗಳ ಮೇಲೆ ಭದ್ರತೆಯ ಹೆಸರಲ್ಲಿ ಕೈಯಾಡಿಸಬಾರದು ಎಂಬ ಅನುಮಾನಕ್ಕೆ ಆಧಾರವಿದೆ, ಅದನ್ನು ಒಪ್ಪಬಹುದು. ಆದರೆ ಹೊರಗೆ ಬೇಡ ಎಂದದ್ದನ್ನು ಒಳಗೂ ಮಾಡದಿರಲು ಅದು ನೆಪವಾಗಬಾರದು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಹಿಮಸರೋವರ ಒಡೆದು ತೀಸ್ತಾ-3 ಅಣೆಕಟ್ಟೆಯನ್ನೇ ಒಯ್ದಿತು, ಸೈನಿಕರೂ ಕೊಚ್ಚಿಹೋದರು. ಆ ಸರೋವರ ಹಿಗ್ಗುತ್ತಿದ್ದುದು ವರ್ಷಗಳ ಮೊದಲೇ ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು.

ಈಗ ನಮ್ಮ ನಾಲೆಗೆ ಬರೋಣ. ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಅಂದರೆ ಒಂದು ಇಡೀ ದಿನ 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿದಷ್ಟು ನೀರು. ಭದ್ರಾ ಬಲದಂಡೆ ನಾಲೆಯಲ್ಲಿ 2,600 ಕ್ಯುಸೆಕ್‌ನಂತೆ ಬಿಟ್ಟರೆ ನಾಲ್ಕೂವರೆ ದಿನಕ್ಕೆ ಒಂದು ಟಿಎಂಸಿ, 100 ದಿನಕ್ಕೆ 22 ಟಿಎಂಸಿಗೂ ಮಿಕ್ಕಿ ಬೇಕು. ಜಲಾಶಯದ ಇವತ್ತಿನ ಮಟ್ಟ ಹಿಡಿದು, ಕುಡಿಯುವ ನೀರು ಮತ್ತು ಬಳಸಲಾಗದ ತಳದ ನೀರು ಕಳೆದು, ಬೇಸಿಗೆ ಬೆಳೆಗೆ ಎಷ್ಟು ಉಳಿಯುತ್ತದೆ ಎಂದು ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಹೇಳಬಹುದು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆ ಬಂದ ಆಗಸ್ಟ್, ಕೊರತೆ ಶೇ 36. ಆ ಮಳೆಗಾಲದಲ್ಲಿ ನೀರನ್ನು ನಿರಂತರ ಹರಿಸುವ ಬದಲು ಬಿಟ್ಟು ಬಿಟ್ಟು ಹರಿಸುವ ಪದ್ಧತಿಗೆ ಹೋದಾಗ ದಾವಣಗೆರೆ ರೈತರು ಬೀದಿಗಿಳಿದರು. ಆಗಸ್ಟ್ ನಡುವಿನಲ್ಲಿ ನಾಟಿಯಾದ ಭತ್ತ ಅಕ್ಟೋಬರ್‌ನಲ್ಲಿ ತೆನೆ ಹಾಯುತ್ತದೆ. ಆ ಹೊತ್ತಿಗೆ ಹತ್ತು ದಿನ ನೀರು ನಿಂತರೆ ಗದ್ದೆ ಬಿರುಕು ಬಿಟ್ಟು ಕಾಳು ಜೊಳ್ಳಾಗುತ್ತದೆ. ಕೊನೆ ಭಾಗದ ಅಚ್ಚುಕಟ್ಟಿಗಂತೂ ಹತ್ತು ದಿನದ ವಿರಾಮ ಹತ್ತೇ ದಿನವಲ್ಲ. ನಾಲೆ ಮತ್ತೆ ತುಂಬಿ, ಮೇಲಿನ ತೂಬು ಮತ್ತು ಅಕ್ರಮ ಪಂಪ್‌ಸೆಟ್‌ಗಳನ್ನು ದಾಟಿ ನೀರು ಬರಬೇಕು. ರೈತರ ಸಿಟ್ಟು ಯಾವ ವಾರ, ಯಾವ ಹಳ್ಳಿಗಳಲ್ಲಿ ಏರುತ್ತದೆ ಎಂಬುದು ನಾಟಿಯ ದಿನಾಂಕದಲ್ಲೇ ಇದೆ.

ಅದೇ ವರ್ಷ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ವಿದ್ಯಮಾನ) ಭಯ ಮತ್ತು ಏರುತ್ತಿದ್ದ ಬೆಲೆಯ ನಡುವೆ ಕೇಂದ್ರವು ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನು ಜೂನ್‌ನಲ್ಲಿ ನಿಲ್ಲಿಸಿತು, ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ರಾಜ್ಯಕ್ಕೆ ಅಕ್ಕಿ ಸಿಗದೆ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ ₹170 ಖಾತೆಗೆ ಬಂತು. ಪೆಸಿಫಿಕ್ ಸಾಗರದ ಬಿಸಿಯ ಬಿಸಿ ಚಳ್ಳಕೆರೆಯ ನ್ಯಾಯಬೆಲೆ ಅಂಗಡಿಯ ಸಾಲಿಗೂ ತಟ್ಟಿತು.

ಬೇಕಾದ ಮಾಹಿತಿಗೇನೂ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಅಂತರ್ಜಲ ಇಲಾಖೆಗೆ ವೀಕ್ಷಣಾ ಕೊಳವೆಬಾವಿಗಳಿವೆ. ಬಿತ್ತನೆ ಪ್ರಮಾಣ ಕೃಷಿ ಇಲಾಖೆಯಲ್ಲಿ, ಆವಕ ಮತ್ತು ಧಾರಣೆ ಎಪಿಎಂಸಿಯಲ್ಲಿ, ಟ್ಯಾಂಕರ್ ಓಡುವ ಹಳ್ಳಿಗಳ ಪಟ್ಟಿ ತಾಲ್ಲೂಕು ಪಂಚಾಯಿತಿಯಲ್ಲಿ ಸಿಗುತ್ತವೆ. ಇವೆಲ್ಲ ಬೇರೆ ಬೇರೆ ಮೇಜುಗಳ ಮೇಲಿವೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇವನ್ನು ಹೋಬಳಿವಾರು ಒಂದೇ ಹಾಳೆಗೆ ತರಬೇಕು. ಸತತ ಮೂರು ವಾರ ಮಳೆಯಿಲ್ಲದ ಹೋಬಳಿ, ನಾಲೆ ನೀರು ತಲುಪದ ತೂಬು, ಟ್ಯಾಂಕರ್ ಶುರುವಾದ ಊರು ಒಂದರ ಮೇಲೊಂದು ಬೀಳುವ ಕಡೆ ಗುರುತು ಹಾಕಿ, ಎಷ್ಟು ಭರವಸೆಯಿಂದ ಹೇಳುತ್ತಿದ್ದೇವೆ ಎಂಬುದನ್ನೂ ಬರೆಯಬೇಕು. ವಿಶೇಷ ಶಾಖೆಯವರು ಅದಕ್ಕೆ ಊರಿನ ಮಾತು ಸೇರಿಸಲಿ. ವರ್ಷದ ಕೊನೆಗೆ ಹೇಳಿದ್ದೆಷ್ಟು, ಆದದ್ದೆಷ್ಟು ಎಂದು ಹೋಲಿಸುವುದು ತಪ್ಪಬಾರದು, ಅದಿಲ್ಲದ ಅಂದಾಜು ಕಣಿ ಹೇಳಿದ ಹಾಗೆ.

ಇದರಲ್ಲಿ ದೊಡ್ಡ ಅಪಾಯವೂ ಇದೆ. ಕೊರತೆಯನ್ನು ಭದ್ರತೆಯ ಪ್ರಶ್ನೆ ಅಂದ ಕೂಡಲೇ ನೀರು ಕೇಳುವ ರೈತನೇ ಬೆದರಿಕೆಯಾಗಿ ಕಾಣಲು ಶುರುವಾಗುತ್ತಾನೆ. ಹಾಗಾಗಿ ಆ ಹಾಳೆಯಲ್ಲಿ ವ್ಯಕ್ತಿಗಳ ಹೆಸರು ಇರಕೂಡದು, ಸಂಘಟನೆಗಳ ಹೆಸರೂ ಬೇಡ. ಅದು ಮೊದಲು ಹೋಗಬೇಕಾದದ್ದು ನೀರಾವರಿ, ಕಂದಾಯ, ಆಹಾರ ಇಲಾಖೆಗಳಿಗೆ, ಬಂದೋಬಸ್ತ್ ಯೋಜನೆಗೆ ಅಲ್ಲ. ಮಳೆ, ನೀರು, ಬೆಳೆಯ ಭಾಗ ಪಂಚಾಯಿತಿ ಫಲಕದ ಮೇಲೂ ಬರಲಿ. ರೈತರಿಗೆ ಆಗಸ್ಟ್‌ನಲ್ಲೇ ಲೆಕ್ಕ ಗೊತ್ತಾದರೆ ಬೇಸಿಗೆಗೆ ಭತ್ತ ಬಿಟ್ಟು ಅಲಸಂದೆ, ಉದ್ದು ಬಿತ್ತುವ ಯೋಚನೆ ಮಾಡಬಹುದು. ಜನವರಿಯಲ್ಲಿ ಸಸಿಮಡಿ ಬೆಳೆದ ಮೇಲೆ ನೀರಿಲ್ಲ ಅಂದರೆ ಯಾರು ಕೇಳುತ್ತಾರೆ?

ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಕೊಟ್ಟಿದ್ದೇವೆ. ಡಿಆರ್‌ಡಿಒ ಒಂದಕ್ಕೇ 4,290 ಎಕರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು ಅದು, ಹುಲ್ಲುಗಾವಲು ಕಳೆದುಕೊಂಡವರು ಕುರಿ, ದನ ಸಾಕುವವರು. ಉಪಗ್ರಹ ಚಿತ್ರದಲ್ಲಿ ಬೆಳೆಯ ಹಸಿರು ಮತ್ತು ಮಣ್ಣಿನ ತೇವ ಓದಬಲ್ಲ ತಜ್ಞರು ಇಸ್ರೊದಲ್ಲಿದ್ದಾರೆ. ಚಿತ್ರದುರ್ಗ, ದಾವಣಗೆರೆ ಜಿಲ್ಲಾಡಳಿತಗಳು ಅವರೊಂದಿಗೆ ಒಪ್ಪಂದ ಮಾಡಿಕೊಂಡು, ಮುಂದಿನ ಮುಂಗಾರಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮೊದಲ ಹೋಬಳಿವಾರು ಹಾಳೆಯನ್ನು ತರಲಿ.

ಇಂತಿ,
ಓದುಗರು, ದಾವಣಗೆರೆ