ಹೆಬ್ಬೆಟ್ಟು ನಂದೇ, ಕಾಗದ ನಂದಲ್ಲ

ಗೆಳೆಯಾ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿದಾಗ ಅಂಗಡಿ ಶಟರ್ ಎಳೆಯುತ್ತಿದ್ದೆ. ಅರ್ಧ ಮಾತೂ ಆಗಲಿಲ್ಲ. "ಪುಟ್ಟಿ ಲಾ ಓದ್ತಾಳಂತೆ, ನೀನೇ ಓದ್ತಿದ್ದೀಯಲ್ಲ, ಬೆಂಗಳೂರಲ್ಲಿ ಯಾವ ಕಾಲೇಜು ಒಳ್ಳೇದು ಹೇಳು" ಅಂದೆ. ಒಂದು ಹೆಸರು ಹೇಳಿ ಫೋನ್ ಇಡೋ ವಿಷಯ ಅಲ್ಲ ಕಣೋ ಇದು. ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಪತ್ರ ಬರೆದು ಎಲ್ಲರ ಮುಂದೆ ಇಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ನಾನು ಓದುತ್ತಿರುವುದು ಮೂರು ವರ್ಷದ ಎಲ್‌ಎಲ್‌ಬಿ, ಈಗ ಕೊನೆಯ ಸೆಮಿಸ್ಟರ್. ಊರ ನಡುವಿನ ಖಾಸಗಿ ಕಾಲೇಜು. ಆಟದ ಮೈದಾನ ಇಲ್ಲ, ಗೇಟಿನ ಮುಂದೆ ಬಸ್ ಸ್ಟಾಪ್, ಪಕ್ಕದಲ್ಲೇ ಜೆರಾಕ್ಸ್ ಅಂಗಡಿ. ಬೆಳಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ವ್ಯಾಪಾರ. ನನ್ನ ಬೆಂಚಿನಲ್ಲಿ ಒಂದು ಕಡೆ ರಿಟೈರ್ ಆದ ಪೊಲೀಸರು, ಇನ್ನೊಂದು ಕಡೆ ನಿನ್ನೆ ಮೊನ್ನೆ ಬಿಕಾಂ ಮುಗಿಸಿದ ಹುಡುಗ. ನಲವತ್ತೊಂದರಲ್ಲಿ ಸೇರಿದ ನಾನು ಮಧ್ಯದಲ್ಲಿ.

ಪುಟ್ಟಿಗೆ ಬೇಕಾಗಿರೋದು ಪಿಯುಸಿ ಆದಮೇಲಿನ ಐದು ವರ್ಷದ ಕೋರ್ಸು. ಇಲ್ಲಿ ಎರಡು ಜಾತಿಯ ಖಾಸಗಿ ಕಾಲೇಜುಗಳಿವೆ. ಒಂದು, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವಂಥವು. ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ, ಆದರೆ ಕಾಲೇಜುಗಳು ಹಳೆಯವು. ಬಸವನಗುಡಿಯ ಬಿಎಂಎಸ್ ಲಾ ಕಾಲೇಜು 1963ರದ್ದು. ಇಂಥ ಕಡೆ ಸಿಲಬಸ್ಸು, ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಹುಬ್ಬಳ್ಳಿಯದೇ. ಇನ್ನೊಂದು, ಕ್ರೈಸ್ಟ್‌ನಂಥವು. ತಮ್ಮದೇ ವಿಶ್ವವಿದ್ಯಾಲಯ, ತಮ್ಮದೇ ಪರೀಕ್ಷೆ, ಫೀಸೂ ಅದಕ್ಕೆ ತಕ್ಕ ಹಾಗೆ. ನೀನು ಹೇಳಿದ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಖಾಸಗಿ ಅಲ್ಲ. ಅದಕ್ಕೆ ಕ್ಲಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ದೇಶದ ಮಕ್ಕಳ ಜೊತೆ ಗುದ್ದಾಡಬೇಕು. ಬರೆಯಲಿ, ಬೇಡ ಅನ್ನಲ್ಲ.

ಬಿಎ ಎಲ್‌ಎಲ್‌ಬಿನಾ, ಬಿಬಿಎ ಎಲ್‌ಎಲ್‌ಬಿನಾ ಅಂತ ಕೇಳಿದೆಯಲ್ಲ. ಕಾನೂನಿನ ಪೇಪರುಗಳು ಎರಡರಲ್ಲೂ ಹೆಚ್ಚುಕಮ್ಮಿ ಅವೇ. ಒಂದರಲ್ಲಿ ಜೊತೆಗೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಇನ್ನೊಂದರಲ್ಲಿ ಅಕೌಂಟ್ಸು, ಮ್ಯಾನೇಜ್‌ಮೆಂಟು. ಕಂಪನಿಯಲ್ಲಿ ಕೂರುವ ಆಸೆ ಇದ್ದರೆ ಎರಡನೆಯದು. ಪುಟ್ಟಿ ಪುಸ್ತಕದ ಹುಳು. ನನ್ನನ್ನು ಕೇಳಿದರೆ ಬಿಎ. "ಆನರ್ಸ್" ಅನ್ನೋ ಬಾಲ ಇದ್ದರೆ ಒಂದು ಪ್ರಶ್ನೆ ಕೇಳು. ಆನರ್ಸ್ ಅಂದರೆ ಎಂಟು ಪೇಪರು ಜಾಸ್ತಿ. ಆ ಎಂಟಕ್ಕೆ ಪಾಠ ಮಾಡೋರು ಯಾರು ಅಂತ. ಸೈಬರ್ ಲಾ ಸರ್ಟಿಫಿಕೇಟು, ಆ ಡಿಪ್ಲೊಮಾ, ಈ ಡಿಪ್ಲೊಮಾ ಅಂತ ಗೋಡೆ ತುಂಬ ಬೋರ್ಡ್ ಇರುತ್ತೆ. ಅದರ ಕಡೆ ಆಮೇಲೆ ನೋಡಿದರಾಯ್ತು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಮಾತ್ರ ಮೊದಲೇ ನೋಡು. ಅದಿಲ್ಲದ ಡಿಗ್ರಿ ಹಿಡಿದುಕೊಂಡು ಸನ್ನದು, ಅಂದರೆ ವಕೀಲಿಕೆ ಮಾಡೋ ಅನುಮತಿ, ಕೇಳೋಕೆ ಆಗಲ್ಲ.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ.

ಎಲ್ಲ ಲಾ ಕಾಲೇಜಿನಲ್ಲೂ ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯ, ಅಂತ ಒಂದು ಪೇಪರಿದೆ. 100 ಅಂಕ. ಅದರಲ್ಲಿ 30, ಎರಡು ವಿಚಾರಣೆಗಳನ್ನು ಕೋರ್ಟಿಗೆ ಹೋಗಿ ನೋಡಿ ಬರೆಯುವುದಕ್ಕೆ. ಒಂದು ಸಿವಿಲ್, ಒಂದು ಕ್ರಿಮಿನಲ್. ನಿಯಮ ಚೆನ್ನಾಗಿದೆ. ನಡೆಯೋದು ಏನು ಅಂದರೆ, ಆ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳ ರೆಕಾರ್ಡ್ ಸಿಗುತ್ತೆ. ಹೆಸರು ಬದಲಾಯಿಸು, ಬರೆ, ಬೈಂಡ್ ಮಾಡಿಸು. ಎಷ್ಟೋ ಜನ ಒಂದು ದಿನವೂ ಕೋರ್ಟಿನ ಬಾಗಿಲು ನೋಡದೆ ಲಾಯರ್ ಆಗುತ್ತಾರೆ.

ಬೇರೆಯವರ ಮಾತೇಕೆ, ನಾನೂ ಹಾಗೇ ಮಾಡಿದೆ. ಅಂಗಡಿ, ಸಾಲ, ಮಗನ ಎಸ್ಸೆಸ್ಸೆಲ್ಸಿ, ನೆಪಕ್ಕೇನು ಬರವೇ? ನೀಟಾಗಿ ಬರೆದು ಕೊಟ್ಟೆ. ಮೇಡಂ ಎರಡು ಹಾಳೆ ತಿರುವಿ ಕೇಳಿದರು. "ಸಾಕ್ಷಿ ಕಟಕಟೆ ಜಡ್ಜ್‌ರ ಎಡಗಡೆ ಇತ್ತಾ, ಬಲಗಡೆನಾ?" ನನ್ನ ಬಾಯಿಂದ ಮಾತು ಹೊರಡಲಿಲ್ಲ. ರೆಕಾರ್ಡ್ ವಾಪಸ್ ತಳ್ಳಿ, "ನೋಡ್ಕೊಂಡು ಬನ್ನಿ" ಅಂದರು. ಅಷ್ಟೇ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮಾರನೇ ವಾರ ಸಿಟಿ ಸಿವಿಲ್ ಕೋರ್ಟಿಗೆ ಹೋದೆ. ಕಾವೇರಿ ಭವನದ ಹತ್ತಿರ ಇದೆಯಲ್ಲ, ಅದೇ. ಹಿಂದಿನ ಬೆಂಚಲ್ಲಿ ಕೂತೆ. ಬೆಳಗ್ಗೆಯಿಡೀ ಬರೀ ವಾಯಿದೆ. ಹೆಸರು ಕೂಗೋದು, ಯಾರೋ ಎದ್ದು "ಟೈಮ್ ಬೇಕು ಸ್ವಾಮಿ" ಅನ್ನೋದು, ಮುಂದಿನ ದಿನಾಂಕ. ಮಧ್ಯಾಹ್ನ ಒಂದು ಪಾಲಿನ ದಾವೆ ಬಂತು. ವಾದಿ ಒಬ್ಬ ಅಜ್ಜಿ. ತವರಿನ ಆಸ್ತಿಯಲ್ಲಿ ಪಾಲು ಕೇಳಿದ್ದಳು. ತಮ್ಮಂದಿರ ಕಡೆ ವಕೀಲರು ಪಾಟೀ ಸವಾಲಿಗೆ, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸೋಕೆ, ನಿಂತರು. ಹಕ್ಕು ಬಿಡುಗಡೆ ಪತ್ರ ಅಜ್ಜಿಯ ಮುಂದೆ ಹಿಡಿದು, "ಈ ಹೆಬ್ಬೆಟ್ಟು ನಿಮ್ಮದೇ ತಾನೆ?" ಅಂದರು. ಅಜ್ಜಿ ಕನ್ನಡಕ ಇಲ್ಲದೆ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಆಮೇಲೆ ಹೇಳಿದಳು. "ಹೆಬ್ಬೆಟ್ಟು ನಂದೇ ಸ್ವಾಮಿ. ಕಾಗದ ನಂದಲ್ಲ."

ಹಾಲ್ ಒಂದು ಕ್ಷಣ ಸುಮ್ಮನಾಯ್ತು. ಆಮೇಲೆ ಟೈಪ್ ಆಗಿದ್ದು ಹೀಗೆ (ನಿಶಾನೆ ಡಿ-2 ಅಂದರೆ ಆ ಕಾಗದವೇ): "ನಿಶಾನೆ ಡಿ-2ರ ಮೇಲಿರುವ ಹೆಬ್ಬೆಟ್ಟಿನ ಗುರುತು ನನ್ನದು ಎಂದರೆ ಸರಿ. ಅದರಲ್ಲಿ ಬರೆದಿರುವ ವಿಷಯ ನನಗೆ ಗೊತ್ತಿಲ್ಲ."

ಕಾಂಟ್ರ್ಯಾಕ್ಟ್ ಕಾಯ್ದೆಯ 13ನೇ ಕಲಮನ್ನು ನಾನು ಉರು ಹೊಡೆದಿದ್ದೆ ಕಣೋ. ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ ಅಂತ. ಪರೀಕ್ಷೆಯಲ್ಲಿ ಒಳ್ಳೆ ಅಂಕವೂ ಬಂದಿತ್ತು. ಅದರ ಅರ್ಥ ತಲೆಗೆ ಹೋಗಿದ್ದು ಅವತ್ತು. ಕೇಸ್ ಏನಾಯ್ತು ಗೊತ್ತಿಲ್ಲ, ಅಜ್ಜಿ ಗೆಲ್ಲಲೇಬೇಕು ಅಂತಲೂ ಏನಿಲ್ಲ. ಆದರೆ ಅವಳು ಆಡಿದ ಮಾತಿಗೂ ಟೈಪ್ ಆದ ಮಾತಿಗೂ ನಡುವೆ ಒಂದು ಸಂದು ಇದೆ ನೋಡು. ವಕೀಲ ಕೆಲಸ ಮಾಡಬೇಕಾದ್ದು ಆ ಸಂದಿನಲ್ಲೇ ಅನ್ನಿಸಿತು. ಅಂದಹಾಗೆ, ಆ ಹಾಲ್‌ನಲ್ಲಿ ಕಟಕಟೆ ಬಲಗಡೆ ಇತ್ತು.

ಅದಕ್ಕೇ ಹೇಳೋದು, ಕಾಲೇಜು ನೋಡೋಕೆ ಹೋದಾಗ ಎಸಿ ಮೂಟ್ ಹಾಲ್ ನೋಡಿ ಬಾಯಿ ಬಿಡಬೇಡ. ಅಲ್ಲಿನ ಮಕ್ಕಳನ್ನು ಹಿಡಿದು, "ಕೊನೇ ಸಲ ಕೋರ್ಟಿಗೆ ಹೋಗಿದ್ದು ಯಾವಾಗ?" ಅಂತ ಕೇಳು. ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಇದೆ. ಅದನ್ನು ಕಾಲೇಜು ಹುಡುಕಿಕೊಡುತ್ತಾ, ಇಲ್ಲ ಅಪ್ಪನ ಪರಿಚಯದ ಮೇಲೆ ಬಿಡುತ್ತಾ, ಅದನ್ನೂ ಕೇಳು. ನಿಮ್ಮಂಥ ಊರಿಂದ ಬರೋ ಮಕ್ಕಳು ಸೋಲೋದು ಅಲ್ಲೇ.

ಫೀಸಿನ ವಿಷಯಕ್ಕೆ ಒಂದು ತಮಾಷೆ ಕೇಳು. ಕಂತು ಕಟ್ಟಿದ ರಸೀದಿ ಜೇಬಲ್ಲಿಟ್ಟುಕೊಂಡೇ ನಾನು ಕ್ಲಾಸಲ್ಲಿ ಮೋಹಿನಿ ಜೈನ್ ಕೇಸ್ ಕೇಳಿದೆ. 1992ರ ಸುಪ್ರೀಂ ಕೋರ್ಟ್ ತೀರ್ಪು, ನಮ್ಮ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನದ್ದು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಇತ್ತು. ಇದು ಕ್ಯಾಪಿಟೇಶನ್ನೇ, ಅಂದರೆ ದುಡ್ಡಿಗೆ ಸೀಟು ಮಾರಿದಂತೆಯೇ, ಅಂತ ಕೋರ್ಟ್ ಹೇಳಿತು. ಮುಂದಿನ ವರ್ಷವೇ ದೊಡ್ಡ ಪೀಠ ಆ ತೀರ್ಪನ್ನು ಸ್ವಲ್ಪ ಸಡಿಲ ಮಾಡಿತು. 2002ರಲ್ಲಿ, ಮಣಿಪಾಲದ ಪೈ ಫೌಂಡೇಶನ್ ಕೇಸಿನಲ್ಲಿ, ಹನ್ನೊಂದು ನ್ಯಾಯಮೂರ್ತಿಗಳು ಕೂತು ಖಾಸಗಿ ಕಾಲೇಜುಗಳಿಗೆ ಇನ್ನಷ್ಟು ಸ್ವಾತಂತ್ರ್ಯ ಕೊಟ್ಟರು. ಪಾಠ ಮುಗಿದಾಗ ಹಿಂದಿನ ಬೆಂಚಿಂದ ಯಾರೋ "ಮೇಡಂ, ನಮ್ಮ ಬಿಲ್ಡಿಂಗ್ ಫಂಡ್?" ಅಂದ. ಮೇಡಮ್ಮೂ ನಕ್ಕುಬಿಟ್ಟರು.

ಡಿಗ್ರಿ ಆದ ಮೇಲೂ ಮುಗಿಯಲ್ಲ. ಸನ್ನದಿನ ಶುಲ್ಕವನ್ನು ರಾಜ್ಯದ ಬಾರ್ ಕೌನ್ಸಿಲ್‌ಗಳು ಮನಸ್ಸಿಗೆ ಬಂದಷ್ಟು ಕೇಳುವ ಹಾಗಿಲ್ಲ, ಕಾಯ್ದೆಯಲ್ಲಿರುವ 750 ರೂಪಾಯಿ ಮೀರಬಾರದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೊಂದು ನೆಮ್ಮದಿ. ಆಮೇಲೆ ವಕೀಲರಿಗೆಂದೇ ಬಾರ್ ಕೌನ್ಸಿಲ್ ನಡೆಸೋ ಎಐಬಿಇ ಅನ್ನೋ ಪರೀಕ್ಷೆ, ನೂರು ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು. ಪುಟ್ಟಿ ಜಡ್ಜ್ ಆಗ್ತಾಳೆ ಅಂತ ನಿಮ್ಮಮ್ಮ ಈಗಲೇ ಊರಿಗೆಲ್ಲ ಹೇಳಿದ್ದಾರಂತೆ. ಮೂರು ವರ್ಷ ವಕೀಲಿಕೆ ಮಾಡಿದವರೇ ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬೇಕು ಅಂತ 2025ರ ಮೇನಲ್ಲಿ ತೀರ್ಪು ಬಂತು. ಮೆಲ್ಲಗೆ ತಿಳಿಸು ಅವರಿಗೆ.

ಹಳೇ ಪುಸ್ತಕ ಕೊಳ್ಳಬೇಡ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಾವು 420 ಅಂತ ಬೈಯುತ್ತಿದ್ದೆವಲ್ಲ, ಅದೀಗ 318.

ಯಾವುದಾದರೂ ಒಂದು ಮಂಗಳವಾರ ಪುಟ್ಟಿಯನ್ನು ಕರಕೊಂಡು ರಾತ್ರಿ ಬಸ್ಸಿಗೆ ಹತ್ತು. ಬುಧವಾರ ನಮ್ಮಲ್ಲೇ ತಿಂಡಿ. ಕಾಲೇಜಿಗೆ ಹೋಗೋದು ಮಧ್ಯಾಹ್ನದ ಮೇಲೆ. ಅದಕ್ಕೆ ಮುಂಚೆ ಹನ್ನೊಂದರ ಹೊತ್ತಿಗೆ ಕೋರ್ಟ್ ಹಾಲ್‌ನ ಹಿಂದಿನ ಬೆಂಚಲ್ಲಿ ಮೂವರೂ ಕೂರೋಣ. ಯಾರು ಬೇಕಾದರೂ ಕೂರಬಹುದು, ಫೋನ್ ಮಾತ್ರ ಆಫ್ ಮಾಡಬೇಕು. ಎರಡು ಗಂಟೆ ವಾಯಿದೆ ಕೇಳಿಯೂ ಅವಳಿಗೆ ಆಕಳಿಕೆ ಬರದಿದ್ದರೆ ಅರ್ಜಿ ತುಂಬೋಣ.

ನಿಮ್ಮಪ್ಪನ ಕಾಲದ ಆ ಜಮೀನಿನ ಕೇಸ್ ಫೈಲ್ ಅಟ್ಟದ ಮೇಲೆ ಇನ್ನೂ ಇದ್ದರೆ ತಗೊಂಡು ಬಾ. ಆ ಹೇಳಿಕೆಗಳನ್ನು ಒಮ್ಮೆ ಓದಬೇಕು. ಫೀಸ್ ಏನೂ ಕೇಳಲ್ಲ, ನಂಗಿನ್ನೂ ಸನ್ನದು ಸಿಕ್ಕಿಲ್ಲ.

ನಿನ್ನವನೇ